ಬಿಸಿಯೇರುವ ಬ್ರೇಕಿಗೆ ಕೈಯೋ, ಟೆಂಪರೇಚರ್ ಗನ್ನೋ, ಹತ್ತರ ಸ್ಪ್ಯಾನರೋ?

ಬ್ರೇಕ್ ಪ್ಯಾಡ್ ಮನೆಯಲ್ಲೇ ಬದಲಾಯಿಸಿದ ಮೇಲೆ ಒಂದು ಚಕ್ರ ಕಾದು ವಾಸನೆ ಬರತೊಡಗಿದರೆ ಕಾರಣ ಹುಡುಕಲು ಮೂರು ದಾರಿಗಳಿವೆ. ಕೈಯಲ್ಲೇ ಅಂದಾಜು ಮಾಡಬಹುದು, ಇನ್‌ಫ್ರಾರೆಡ್ ಗನ್ ಹಿಡಿಯಬಹುದು, ಇಲ್ಲವೇ ಜಾಕಿ ಕೊಟ್ಟು ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ಟೊಳ್ಳು ಬೋಲ್ಟ್) ಸಡಿಲಿಸಿ ನೋಡಬಹುದು. ನನ್ನ ಓಟು ಮೂರನೆಯದಕ್ಕೆ. ಮೊದಲಿನ ಎರಡರಿಂದ ಯಾವ ಚಕ್ರ ಎಂಬುದಷ್ಟೇ ಗೊತ್ತಾಗುತ್ತದೆ. ಯಾಕೆ ಎಂದು ತಿಳಿಯಲು ಸ್ಪ್ಯಾನರೇ ಬೇಕು.

ಕೈಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಡಿಸ್ಕ್ ಮುಟ್ಟಬೇಡಿ, ಅಂಗೈ ಹಿಂಭಾಗವನ್ನು ರಿಮ್ಮಿನ ಹತ್ತಿರ ಒಯ್ದು ಎಡ-ಬಲ ಹೋಲಿಸಿ. ಬೆರಳಿನಿಂದ ಒಂದು ಹನಿ ನೀರು ಚಿಮುಕಿಸಿದಾಗ ಚುಯ್ಯೆಂದರೆ 100 ಡಿಗ್ರಿ ದಾಟಿದೆ ಎಂದರ್ಥ. ಕಾದ ಡಿಸ್ಕಿಗೆ ಚೊಂಬುಗಟ್ಟಲೆ ನೀರು ಹೊಯ್ದರೆ ಬಿರುಕು ಬಿಡಬಹುದು.

ಗನ್ ಸಾವಿರ ಚಿಲ್ಲರೆ ರೂಪಾಯಿಯದು. ನೋಡಲು ಚಂದ, ಅಂಕೆಯೂ ಸ್ಪಷ್ಟ. ತೊಂದರೆ ಇರುವುದು ಆ ಅಂಕೆಯಲ್ಲೇ. ಅಗ್ಗದ ಗನ್ನುಗಳಲ್ಲಿ ಹೆಚ್ಚಿನವು, ಎದುರಿಗಿರುವುದು ಶಾಖವನ್ನು ಚೆನ್ನಾಗಿ ಹೊರಸೂಸುವ ಮಂಕು ಮೇಲ್ಮೈ ಎಂದು ಭಾವಿಸಿ ಲೆಕ್ಕ ಹಾಕುತ್ತವೆ. ಶಾಖ ಸೂಸುವ ಪ್ರಮಾಣಕ್ಕೆ (ಪೂರ್ತಿ ಸೂಸಿದರೆ 1) ಒಳಗಿನ ಸೆಟ್ಟಿಂಗ್ ಸಾಮಾನ್ಯವಾಗಿ 0.95. ಪ್ಯಾಡ್ ಉಜ್ಜಿ ಹೊಳೆಯುತ್ತಿರುವ ಡಿಸ್ಕ್ ಹಾಗಲ್ಲ. ಅದು ತನ್ನ ಶಾಖವನ್ನು ಕಡಿಮೆ ಸೂಸಿ, ಸುತ್ತಲಿನ ವಸ್ತುಗಳ ಶಾಖವನ್ನು ಕನ್ನಡಿಯ ಹಾಗೆ ತಿರುಗಿಸಿ ಕಳಿಸುತ್ತದೆ. ಹಾಗಾಗಿ ನಿಜವಾಗಿ ಕೆಂಡವಾಗಿರುವ ಡಿಸ್ಕನ್ನೂ ಗನ್ ತಣ್ಣಗಿದೆ ಎಂದು ತೋರಿಸಬಹುದು.

ನಮ್ಮ ಕಾಸರಗೋಡಿನ ಕರಾವಳಿಯಲ್ಲಿ ಇದು ಇನ್ನೂ ತಲೆಕೆಳಗಾಗುತ್ತದೆ. ಮಳೆಗಾಲದ ಒಂದು ರಾತ್ರಿ ಸಾಕು, ಡಿಸ್ಕಿನ ಮೇಲೆ ತೆಳು ತುಕ್ಕು ಕೂರುತ್ತದೆ. ಸರಿಯಿರುವ ಚಕ್ರದಲ್ಲಿ ಆ ತುಕ್ಕು ಸ್ವಲ್ಪ ಹೊತ್ತು ಉಳಿಯುತ್ತದೆ, ಜಾಮ್ ಆದ ಚಕ್ರದಲ್ಲಿ ಪ್ಯಾಡ್ ಅದನ್ನು ಬೇಗ ಒರೆಸಿ ಹೊಳಪು ಕೊಡುತ್ತದೆ. ತುಕ್ಕು ಶಾಖವನ್ನು ಚೆನ್ನಾಗಿ ಸೂಸುತ್ತದೆ, ಹೊಳಪು ಸೂಸುವುದಿಲ್ಲ. ಕೊನೆಗೆ ಸರಿಯಿರುವ ಚಕ್ರವೇ ಬಿಸಿ, ಹಾಳಾದದ್ದೇ ತಣ್ಣಗೆ ಎಂದು ಗನ್ ಹೇಳಿಬಿಡಬಹುದು! ಅದನ್ನು ನಂಬಿ ತಪ್ಪು ಬದಿಯ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಹಿಡಿ) ಬಿಚ್ಚಿದರೆ ಅರ್ಧ ದಿನ ಹೋಯಿತು.

ದಾರಿಯಿದೆ. ಪ್ಯಾಡ್ ತಾಗುವ ಜಾಗ ಬಿಟ್ಟು, ಡಿಸ್ಕಿನ ನಡುವಿನ ಟೋಪಿಯಂಥ ಭಾಗಕ್ಕೆ ಎಡ-ಬಲ ಎರಡೂ ಚಕ್ರಗಳಲ್ಲಿ ಶಾಖ ತಡೆಯುವ ಮಂಕು ಕಪ್ಪು ಪೇಂಟ್ ಒಂದು ಬೊಟ್ಟು ಹಚ್ಚಿ, ಅಲ್ಲಿಗೇ ಗುರಿ ಇಡಿ. ಲೇಸರ್ ಚುಕ್ಕಿ ಬರೀ ಗುರಿಗೆ; ಗನ್ ಅಳೆಯುವುದು ಅದಕ್ಕಿಂತ ದೊಡ್ಡ ವೃತ್ತವನ್ನು. 12:1 ಎಂದು ಬರೆದಿದ್ದರೆ ಒಂದಡಿ ದೂರದಿಂದ ಒಂದಿಂಚಿನ ವೃತ್ತ. ರಿಮ್ಮಿನ ಕಿಂಡಿಯಿಂದ ದೂರ ನಿಂತು ಹಿಡಿದರೆ ರಿಮ್ಮಿನ ಶಾಖವೂ ಸೇರಿಕೊಳ್ಳುತ್ತದೆ. ಚೆರ್ಕಳ-ಜಾಲ್ಸೂರಿನಂಥ ಏರಿಳಿತದ ರಸ್ತೆಯಲ್ಲಿ ಓಡಿಸಿ ಅಳೆದರೆ ಎಲ್ಲ ಚಕ್ರವೂ ಬಿಸಿಯೇ. ಸಮತಟ್ಟಾದ ಕಡೆ ಐದಾರು ಕಿಲೋಮೀಟರ್ ಹೋಗಿ, ಆದಷ್ಟು ಬ್ರೇಕ್ ಒತ್ತದೆ ಗಾಡಿಯನ್ನು ತಾನಾಗಿ ನಿಲ್ಲಲು ಬಿಟ್ಟು ಅಳೆಯಿರಿ. ಎಡ-ಬಲದ ನಡುವೆ ಹತ್ತು ಹದಿನೈದು ಡಿಗ್ರಿ ಹೆಚ್ಚುಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದುಪ್ಪಟ್ಟು ತೋರಿಸಿದರೆ ಆ ಚಕ್ರ ಬಿಚ್ಚಲೇಬೇಕು.

ಈಗ ಸ್ಪ್ಯಾನರ್. ಚಕ್ರ ಹಿಡಿದುಕೊಂಡಿರುವಾಗಲೇ ಮಾಡಬೇಕು, ಆರಿದ ಮೇಲೆ ಎಷ್ಟೋ ಸಲ ತಾನಾಗಿಯೇ ಬಿಡುತ್ತದೆ. ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿಯಲ್ಲಿ ಎತ್ತಿ ಸ್ಟ್ಯಾಂಡ್ ಇಟ್ಟು, ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಸ್ಟ್ಯಾಂಡ್ ಇಲ್ಲವೆಂದು ಮುರಕಲ್ಲು ಇಡಬೇಡಿ, ಭಾರಕ್ಕೆ ಅದು ಪುಡಿಯಾಗುತ್ತದೆ. ಪ್ಯಾಡ್ ಲಘುವಾಗಿ ಸವರುವ ಸದ್ದು ಸಹಜ. ತಿರುಗದಿದ್ದರೆ ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿ. ಹೆಚ್ಚಿನ ಗಾಡಿಗೆ 10 ಅಥವಾ 8, ಕೆಲವಕ್ಕೆ 11ರ ರಿಂಗ್ ಸ್ಪ್ಯಾನರ್ ಬೇಕಾಗುತ್ತದೆ.

ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಕೊಂಡಿತ್ತು, ಕ್ಯಾಲಿಪರಿನ ತಪ್ಪಿಲ್ಲ. ನಿಪ್ಪಲ್ ಬಿಗಿದು, ಪೆಡಲ್ ಒತ್ತಿಸಿ ಬಿಡಿಸಿ, ಚಕ್ರ ಮತ್ತೆ ಹಿಡಿದಾಗ ರಬ್ಬರ್ ಹೋಸಿನ ಮೇಲಿನ, ಕಬ್ಬಿಣದ ಪೈಪಿನ ಕಡೆಯ ಜಾಯಿಂಟ್ ಸಡಿಲಿಸಿ. ಆಗಲೂ ಬಿಡದಿದ್ದರೆ ಹೋಸಿನ ಒಳಪದರ ಊದಿ ದಾರಿ ಮುಚ್ಚಿದೆ. ಪ್ಯಾಡ್ ಬದಲಾಯಿಸುವಾಗ ಕ್ಯಾಲಿಪರನ್ನು ಹೋಸಿನಲ್ಲೇ ತೂಗಾಡಲು ಬಿಟ್ಟರೆ ಹಳೆಯ ಹೋಸುಗಳು ಹೀಗೆ ಕೈಕೊಡುತ್ತವೆ. ಜಾಯಿಂಟ್ ಸಡಿಲಿಸಿದ ಕೂಡಲೇ ಬಿಟ್ಟರೆ ದೋಷ ಇನ್ನೂ ಮೇಲಿದೆ: ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಭಾಗ), ಅಥವಾ ಅದನ್ನು ತಳ್ಳುವ ಪೆಡಲಿನ ಪುಶ್‌ರಾಡಿಗೆ ಸ್ವಲ್ಪವೂ ಸಡಿಲ ಇಲ್ಲದಿರುವುದು. ಪುಶ್‌ರಾಡಿನದಾದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಚಕ್ರ ಕಾಯುತ್ತದೆ, ಓಡಿಸುತ್ತ ಹೋದಂತೆ ಪೆಡಲ್ ಗಟ್ಟಿಯಾಗುತ್ತದೆ.

ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ತೊಂದರೆ ಕ್ಯಾಲಿಪರಿನಲ್ಲಿದೆ, ಹೆಚ್ಚಾಗಿ ನಮ್ಮ ರಿಪೇರಿಯದೇ ಫಲ. ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ನುಗಳಲ್ಲಿ ರಬ್ಬರ್ ಬುಷ್ ಇರುವುದು ಒಂದಕ್ಕೆ ಮಾತ್ರ ಎಂದಾದರೆ ಎರಡನ್ನೂ ಅದಲುಬದಲು ಮಾಡಿ ಹಾಕಿರುತ್ತಾರೆ. ಸಾದಾ ಚಾಸಿಸ್ ಗ್ರೀಸ್ ಹಚ್ಚಿದ್ದರೆ ರಬ್ಬರ್ ಊದಿ ಪಿನ್ ಅಲುಗದು; ಸಿಲಿಕೋನ್ ಗ್ರೀಸೇ ಬೇಕು, ತೆಳುವಾಗಿ ಹಚ್ಚಿದರೆ ಸಾಕು. ಪ್ಯಾಡ್ ಕೂರುವ ಕ್ಲಿಪ್ಪಿನಡಿ ತುಕ್ಕು ಉಬ್ಬಿದ್ದರೆ ವೈರ್ ಬ್ರಷ್‌ನಲ್ಲಿ ತಿಕ್ಕಿ. ಪ್ಯಾಡ್ ಕೈಯಲ್ಲಿ ಸರಾಗವಾಗಿ ಜಾರಬೇಕು, ಸುತ್ತಿಗೆ ಬೇಕಾಯಿತೆಂದರೆ ಕ್ಲಿಪ್ ಸರಿಯಿಲ್ಲ. ಹಿಂದಿನ ಡ್ರಮ್ಮುಗಳೆರಡೂ ಕಾದರೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ.

ಸ್ಪ್ಯಾನರ್ ದಾರಿಯ ಕಿರಿಕಿರಿ ತುಕ್ಕು ಹಿಡಿದ ನಿಪ್ಪಲ್. ಅದರ ಒಳಗೆ ಟೊಳ್ಳು, ಜೋರು ಮಾಡಿದರೆ ಮುರಿದೇ ಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ, ರಬ್ಬರ್ ಮುಚ್ಚಳ ಕಳೆಯಬೇಡಿ. ಚೆಲ್ಲಿದ ಬ್ರೇಕ್ ಆಯಿಲನ್ನು ಕೂಡಲೇ ನೀರಿನಲ್ಲಿ ತೊಳೆಯಿರಿ, ಪೇಂಟ್ ತಿನ್ನುತ್ತದೆ.

ಮನೆಯಂಗಳದಲ್ಲೇ ಕೆಲಸ, ಕಡಿಮೆ ಖರ್ಚು ಎನ್ನುವ ನನ್ನಂಥವರು ಮೊದಲು ಒಳ್ಳೆಯ ರಿಂಗ್ ಸ್ಪ್ಯಾನರ್, ಅರ್ಧ ಮೀಟರ್ ಟ್ಯೂಬ್, ಒಂದು ಬಾಟಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತರಬೇಕು. ಸಂಪಾಜೆ ಘಟ್ಟವನ್ನು ಆಗಾಗ ಇಳಿಯುವವರಿಗೆ ಗನ್ನೂ ಇರಲಿ, ರಿಪೇರಿ ಸರಿಯಾಯಿತೇ ಎಂದು ನೋಡಲು ಆಗುತ್ತದೆ. ಚೆನ್ನಾಗಿ ಕಾದ ಬ್ರೇಕಿನ ಆಯಿಲನ್ನು ಪೂರ್ತಿ ಬದಲಾಯಿಸಿ: ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ್ದು 155ರ ಹತ್ತಿರವೇ ಕುದಿಯಬಹುದು, ಆಗ ಇಳಿಜಾರಿನಲ್ಲಿ ಪೆಡಲ್ ನೆಲಕ್ಕೇ ಹೋಗುತ್ತದೆ.