ಎಲ್‌ಇಡಿ ದೀಪ, ಫ್ಲ್ಯಾಶ್ ಮತ್ತು ಶಿರಸಿಯ ಒಂದು ಮಳೆಗಾಲ

ಸ್ಟುಡಿಯೊ ಛಾಯಾಗ್ರಹಣವನ್ನು ಮನೆಯ ಜಗಲಿಯಲ್ಲೇ ಕಲಿಯಬೇಕೆಂದು ಹೊರಟ ನಾನು, ಮೊದಲು ಕೊಂಡದ್ದು 60 ವ್ಯಾಟ್‌ನ ಎಲ್‌ಇಡಿ ದೀಪ ಮತ್ತು ಅದರ ಬೆಳಕನ್ನು ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸ್. ಬೆಳಕು ಎಲ್ಲಿ ಬೀಳುತ್ತದೆ ಎಂಬುದು ಕಣ್ಣಿಗೇ ಕಾಣುವುದರಿಂದ ಹೊಸಬರಿಗೆ ಅದೇ ಸುಲಭವೆಂದು ಎಲ್ಲರೂ ಹೇಳಿದ್ದರು. ಎರಡು ತಿಂಗಳ ನಂತರ ಅದರ ಅರ್ಧದಷ್ಟು ಹಣಕ್ಕೆ ಕೊಂಡ, ಶಕ್ತಿಯನ್ನು ಕೈಯಾರೆ ಹೊಂದಿಸುವ ಮ್ಯಾನುಯಲ್ ಫ್ಲ್ಯಾಶ್, ಅದನ್ನು ದೂರದಿಂದ ಮಿಂಚಿಸುವ ಟ್ರಿಗರ್ ಮತ್ತು ಬೆಳಕನ್ನು ಹರಡುವ ಬಿಳಿ ಛತ್ರಿಯೇ ನನಗೆ ನಿಜವಾಗಿ ಕಲಿಸಿದ್ದು.

ಎಲ್‌ಇಡಿಯ ಗುಣವನ್ನು ಅಲ್ಲಗಳೆಯಲಾರೆ. ದೀಪವನ್ನು ಮುಖದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ ಸರಿಸಿ ಕಣ್ಣಿನ ಮಟ್ಟಕ್ಕಿಂತ ಮೇಲೆತ್ತಿದಾಗ, ಮೂಗಿನ ನೆರಳು ಕೆನ್ನೆಯ ನೆರಳನ್ನು ಸೇರಿ, ನೆರಳಿರುವ ಕೆನ್ನೆಯ ಮೇಲೆ ಬೆಳಕಿನ ಪುಟ್ಟ ತ್ರಿಕೋನವೊಂದು ಉಳಿಯುತ್ತದೆ. ರೆಂಬ್ರಾಂಟ್ ಬೆಳಕು ಎಂದು ಕರೆಯುವ ಇದನ್ನು ನಾನು ಮೊದಲ ಸಂಜೆಯೇ ಕಂಡುಕೊಂಡೆ. ಕೋಕಂ ಶರಬತ್ತಿನ ಬಾಟಲಿಯ ಗಾಜಿನಲ್ಲಿ ಸಾಫ್ಟ್‌ಬಾಕ್ಸಿನ ಪ್ರತಿಬಿಂಬ ಎಲ್ಲಿ ಕೂರುತ್ತದೆಂಬುದನ್ನೂ ಅದರಲ್ಲಿ ಮೊದಲೇ ನೋಡಿಕೊಳ್ಳಬಹುದು.

ತೊಡಕು ಬಂದದ್ದು ಯಕ್ಷಗಾನ ಕಲಿಯುತ್ತಿರುವ ಅಕ್ಕನ ಮಗನನ್ನು ನಿಲ್ಲಿಸಿದಾಗ. ಮೂರು ಅಡಿ ದೂರದಲ್ಲಿ ಪೂರ್ಣ ಪ್ರಖರತೆಯ ದೀಪವಿಟ್ಟರೆ ಅವನು ಕಣ್ಣು ಕಿರಿದು ಮಾಡುತ್ತಿದ್ದನೆಂದು ಅದನ್ನು ಶೇಕಡಾ 20ಕ್ಕೆ ಇಳಿಸಿ, ಕುಣಿತದ ಚಲನೆ ಮಸುಕಾಗದಿರಲೆಂದು ಶಟರ್ ವೇಗವನ್ನು ಸೆಕೆಂಡಿನ 1/400ಕ್ಕೆ ಏರಿಸಿದೆ. ಪ್ರತಿ ಚಿತ್ರದಲ್ಲೂ ಅವನ ಬಿಳಿ ಅಂಗಿಯ ಮೇಲೆ ಮಬ್ಬು ಪಟ್ಟೆಗಳು ಅಡ್ಡಡ್ಡ ಕಾಣಿಸಿಕೊಂಡವು. ಕ್ಯಾಮೆರಾವೇ ಕೆಟ್ಟಿತೆಂದು ಸುರಿವ ಮಳೆಯಲ್ಲಿ ಹುಬ್ಬಳ್ಳಿಯವರೆಗೆ ಒಯ್ದು, ಏನೂ ದೋಷವಿಲ್ಲವೆನ್ನಿಸಿಕೊಂಡು ಮರಳಿ ತಂದೆ.

ಮರುದಿನ ಕಿಟಕಿಯ ಬೆಳಕಿನಲ್ಲಿ ಅದೇ ವೇಗದಲ್ಲಿ ತೆಗೆದಾಗ ಪಟ್ಟೆಗಳಿರಲಿಲ್ಲ. ಅಗ್ಗದ ಎಲ್‌ಇಡಿಗಳಲ್ಲಿ ಹಲವು, ಬೆಳಕನ್ನು ತಗ್ಗಿಸುವಾಗ ನಿಜವಾಗಿ ಮಂದವಾಗುವುದಿಲ್ಲ. ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಆರಿ ಹೊತ್ತುತ್ತಿರುತ್ತವೆ, ಮತ್ತು ಸೆನ್ಸರನ್ನು ಸಾಲುಸಾಲಾಗಿ ತೆರೆಯುವ ವೇಗದ ಶಟರ್ ಆ ಮಿನುಗನ್ನು ಪಟ್ಟೆಗಳಾಗಿ ಹಿಡಿಯುತ್ತದೆ. ಪೂರ್ಣ ಪ್ರಖರತೆಯಲ್ಲಿಟ್ಟು ದೀಪವನ್ನೇ ಹಿಂದೆ ಸರಿಸಿದೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗವಾಗುತ್ತದೆಂಬ ನಿಯಮವನ್ನು ಕೈಯಾರೆ ಕಲಿತದ್ದು ಹಾಗೆ. ಪಟ್ಟೆಗಳು ಹೋದವು, ಆದರೆ ಆರಡಿ ದೂರದಿಂದ ಸಾಫ್ಟ್‌ಬಾಕ್ಸ್ ಮುಖಕ್ಕೆ ಚಿಕ್ಕದಾಗಿ ಕಾಣುವುದರಿಂದ ನೆರಳಿನ ಅಂಚು ಗಡುಸಾಯಿತು. ಬೆಳಕು ಕಡಿಮೆಯಾದ್ದರಿಂದ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, ಏರಿಸದೆ ಬೇರೆ ದಾರಿಯೂ ಇರಲಿಲ್ಲ. ಇದೆಲ್ಲದರ ನಡುವೆ ಕರೆಂಟ್ ಹೋಗುತ್ತಿತ್ತು; ಆಷಾಢದಲ್ಲಿ ನಮ್ಮ ಕಡೆ ಅದು ಹೋದರೆ ಬರುವ ಹೊತ್ತನ್ನು ಯಾರೂ ಹೇಳಲಾರರು.

ಫ್ಲ್ಯಾಶಿಗೆ ಬೇಕಿರುವುದು ನಾಲ್ಕು ಎಎ ಸೆಲ್‌ಗಳು. ಛತ್ರಿಯನ್ನು ಮೂರೇ ಅಡಿ ದೂರದಲ್ಲಿಟ್ಟು, ಶಕ್ತಿಯನ್ನು ಪೂರ್ಣದ 1/16ಕ್ಕೆ ಇಳಿಸಿ, ಲೆನ್ಸಿನ ತೆರಪು ಎಫ್/8, ಐಎಸ್‌ಒ 400, ಶಟರ್ 1/200 ಎಂದು ಹೊಂದಿಸಿದರೆ, ಜಗಲಿಯ ಬಲ್ಬಿನ ಹಳದಿ ಬೆಳಕು ಚಿತ್ರದಿಂದ ಮಾಯವಾಗಿ, ನಾನು ಹಾಕಿದ ಬೆಳಕಷ್ಟೇ ಉಳಿಯುತ್ತದೆ. ಶಕ್ತಿ ಕಡಿಮೆಯಾದಷ್ಟೂ ಮಿಂಚಿನ ಅವಧಿ ಮೊಟಕಾಗುವುದರಿಂದ, ಹುಡುಗ ಮಂಡಿಯ ಮೇಲೆ ಗಿರಗಿರನೆ ಸುತ್ತುವ ಬಡಗುತಿಟ್ಟಿನ ಮಂಡಿಕುಣಿತವೂ ಸ್ಪಷ್ಟವಾಗಿ ನಿಂತಿತು. ನೆರಳಿನ ಕಡೆಗೆ ಬೆಳಕನ್ನು ಮರಳಿಸುವ ಥರ್ಮೊಕೋಲ್ ಹಲಗೆ ಹಿಡಿಯಲು ಅಕ್ಕ ಇದ್ದಳು.

ಫ್ಲ್ಯಾಶಿನ ಕಿರಿಕಿರಿಗಳೂ ಇಲ್ಲದಿಲ್ಲ. ಮರೆತು ಶಟರ್ ವೇಗವನ್ನು 1/500ಕ್ಕೆ ಇಟ್ಟ ಒಂದು ಸಂಜೆ, ಮಿಂಚುವಾಗ ಸೆನ್ಸರ್ ಪೂರ್ತಿ ತೆರೆದಿರದೆ, ಎಲ್ಲ ಚಿತ್ರಗಳ ಒಂದು ಭಾಗ ಕಪ್ಪಾಗಿತ್ತು. ಟ್ರಿಗರ್ ಆಗಾಗ ಮುನಿಸಿಕೊಳ್ಳುತ್ತದೆ. ತೆಗೆಯುವ ಮುನ್ನ ಏನೂ ಕಾಣದಿರುವುದನ್ನು ದೊಡ್ಡ ಕೊರತೆಯೆನ್ನುತ್ತಾರೆ; ನನಗೆ ಅದೇ ಅನುಕೂಲವಾಯಿತು. ನೆರಳು ಎಲ್ಲಿ ಬೀಳಬಹುದೆಂದು ಮೊದಲು ಊಹಿಸಿ, ತೆಗೆದು, ಪರದೆಯಲ್ಲಿ ತಪ್ಪನ್ನು ಕಂಡು ಮತ್ತೆ ಸರಿಪಡಿಸುವ ಅಭ್ಯಾಸ ಎಲ್‌ಇಡಿಯ ಮುಂದೆ ನನಗೆ ಬಂದಿರಲಿಲ್ಲ.

ಕರೆಂಟ್ ಹೋಗದ ಊರಿನಲ್ಲಿದ್ದು, ಅಲುಗಾಡದ ವಸ್ತುಗಳನ್ನೇ ತೆಗೆಯುವವರಿಗೆ ಎಲ್‌ಇಡಿ ಸಾಕಾಗಬಹುದು. ನಾನು ಚಿತ್ರ ತೆಗೆಯುವುದು ಅಡಿಕೆ ಕೆಲಸ ಮುಗಿದ ರಾತ್ರಿಗಳಲ್ಲಿ, ಮನುಷ್ಯರನ್ನು, ಕೈಯಲ್ಲಿ ಉಳಿದ ಅಲ್ಪ ಹಣದಲ್ಲಿ. ವಿಡಿಯೊಗೆ ಫ್ಲ್ಯಾಶಿನಿಂದ ಪ್ರಯೋಜನವಿಲ್ಲವಾದ್ದರಿಂದ ಎಲ್‌ಇಡಿಯನ್ನು ಮಾರಿಲ್ಲ. ಅದು ಈಗ ತಂಗಿಯ ಅಡುಗೆಮನೆಯಲ್ಲಿ ತಂಬುಳಿ ಮಾಡುವ ವಿಡಿಯೊಗಳಿಗೆ ಉರಿಯುತ್ತಿದೆ.