11.6 ಇಂಚಿನ ಅಗ್ಗದ ಲ್ಯಾಪ್‌ಟಾಪ್: ಎಲ್ಲಾ ಸರಿ, ಆ ಎಫ್ ಕೀ ಒಂದು ಬಿಟ್ಟು

ಎರಡು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಇದನ್ನೆಲ್ಲ ನೀವು ನೋಡಿಯೇ ಇರುತ್ತೀರಿ. ಕಂಪನಿ ಹೆಸರು ಬೇಡ. ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಇಂಥವು ಒಳಗೆ ಹೆಚ್ಚೂಕಮ್ಮಿ ಒಂದೇ.

ನನ್ನ ಕೆಲಸ ಕನ್ನಡದ ಕರಡು ತಿದ್ದುವುದು, ಜೊತೆಗೆ ಒಂಚೂರು ಅನುವಾದ. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಟ. ಬೆಳಗಿನ ರೈಲಿನಲ್ಲಿ ಸೀಟು ಸಿಗುವುದೇ ಪುಣ್ಯ, ಅಲ್ವಾ? ಅಲ್ಲಿ 15 ಇಂಚಿನದ್ದು ತೆರೆದರೆ ಪಕ್ಕದವರ ಪಕ್ಕೆಗೆ ತಿವಿಯುತ್ತದೆ. ಇದು ಹಾಗಲ್ಲ. ತೊಡೆ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಇದು, ಮೊಬೈಲು ಶರ್ಟಿನ ಜೇಬಿನಲ್ಲೇ ಹಾಟ್‌ಸ್ಪಾಟ್ ಆನ್ ಮಾಡಿಕೊಂಡು ಕೂತಿರುತ್ತದೆ, ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಫೈಲು ತೆರೆದಿರುತ್ತದೆ. ಕಾಫಿಯವನು ಬಂದರೆ ಅರ್ಧ ಮುಚ್ಚಿ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಲೋಟ ತಗೊಳ್ಳಬಹುದು, ಅಷ್ಟು ಹಗುರ. ಫ್ಯಾನೇ ಇಲ್ಲ. 6 ವ್ಯಾಟ್‌ನ ಚಿಪ್ಪು, ತೊಡೆ ಸುಡುವುದಿಲ್ಲ, ಸದ್ದೂ ಇಲ್ಲ. ಕಿಟಕಿ ಬಿಸಿಲು ಬಿದ್ದರೆ ಮಾತ್ರ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ.

ಸ್ಟೋರೇಜ್ ವಿಷಯ ಬೇಗ ಮುಗಿಸುತ್ತೇನೆ. ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ, ಇದರಲ್ಲಿ ಇರುವುದೇ ಅಷ್ಟು. ಇಎಂಎಂಸಿ ಅನ್ನುವ ಅಗ್ಗದ ಥರದ ಸ್ಟೋರೇಜ್ ಆದ್ದರಿಂದ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಆಗುವುದಿಲ್ಲ. ಪ್ರತಿ ಅಪ್‌ಡೇಟ್‌ಗೂ ಏನನ್ನಾದರೂ ಅಳಿಸುತ್ತಾ ಕೂರುವ ಬದಲು ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿಕೊಂಡೆ. ಲಿಬ್ರೆಆಫೀಸ್, ನಾಲ್ಕೈದು ಟ್ಯಾಬು, ಒಂದೆರಡು ಪಿಡಿಎಫ್, ಇಷ್ಟಕ್ಕೆ ಏನೂ ತೊಂದರೆ ಇಲ್ಲ. ಇಲ್ಲಿಗೇ ನಿಲ್ಲಿಸಿದರೆ ಕಣ್ಣು ಮುಚ್ಚಿ ತಗೊಳ್ಳಿ ಅಂತ ಹೇಳುತ್ತಿದ್ದೆ.

ಆದರೆ ಎಫ್ ಕೀ.

ನಾನು ಟೈಪ್ ಮಾಡುವುದು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸದಲ್ಲಿ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನಾವೆಲ್ಲ ನುಡಿ ಕೀಬೋರ್ಡ್ ಅನ್ನುವುದು. ಇದರಲ್ಲಿ ಒತ್ತಕ್ಷರ ಬರಬೇಕಾದರೆ ಮಧ್ಯೆ ಎಫ್ ಒತ್ತಲೇಬೇಕು. ಇಂಗ್ಲಿಷಿನಲ್ಲಿ ಎಫ್ ಅಪರೂಪದ ಅತಿಥಿ. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಲ್ಲಿದೆ? ಇಡೀ ಕೀಬೋರ್ಡಿನಲ್ಲಿ ಅತಿ ಹೆಚ್ಚು ಏಟು ತಿನ್ನುವ ಕೀಗಳಲ್ಲಿ ಇದೂ ಒಂದು, ಅದನ್ನು ಇವರು ತಗಡಿನಂಥ ಪ್ಲಾಸ್ಟಿಕ್ ಮೇಲೆ ಕೂರಿಸಿದ್ದಾರೆ. ವರ್ಷ ದಾಟಿದ ಮೇಲೆ ಅದು ಆಗಾಗ ಏಟು ನುಂಗಲು ಶುರು ಮಾಡಿತು. 'ಕನ್ನಡ' ಹೊಡೆದರೆ 'ಕನನಡ'. 'ವ್ಯವಸ್ಥೆ' ಹೋಗಿ 'ವಯವಸಥೆ'. ಬೇರೆಯವರ ತಪ್ಪು ತಿದ್ದಿ ಸಂಬಳ ತಗೊಳ್ಳುವವನು ನಾನು, ನನ್ನ ಫೈಲನ್ನೇ ಮತ್ತೆ ಮೊದಲಿಂದ ಓದಬೇಕು!

ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ, ಕೀಬೋರ್ಡ್ ಮಾತ್ರ ಬರುವುದಿಲ್ಲ ಸಾರ್, ಮೇಲಿನ ಭಾಗಕ್ಕೇ ರಿವೆಟ್ ಹೊಡೆದಿರುತ್ತಾರೆ, ಪೂರ್ತಿ ಬದಲಿಸಬೇಕು ಅಂದರು. ಹೇಳಿದ ದುಡ್ಡು ಲ್ಯಾಪ್‌ಟಾಪ್ ಬೆಲೆಯ ಕಾಲು ಭಾಗ. ಸುಮ್ನೆ ವಾಪಸ್ ಬಂದೆ. ಆಮೇಲೆ ಎಫ್ ಕೆಲಸವನ್ನು ಸೆಮಿಕೋಲನ್ ಕೀಗೆ ವಹಿಸಿದೆ, ಕಂಪ್ಯೂಟರ್ ಒಪ್ಪಿತು, ಬೆರಳು ಮಾತ್ರ ಇವತ್ತಿಗೂ ಒಪ್ಪಿಲ್ಲ. ಯುಎಸ್‌ಬಿ ಕೀಬೋರ್ಡ್ ಮನೆಯಲ್ಲಿ ಸರಿ. ರೈಲಿನಲ್ಲಿ ಅದನ್ನೂ ಹರಡಿಕೊಂಡು ಕೂರುವುದಾದರೆ ಚಿಕ್ಕ ಲ್ಯಾಪ್‌ಟಾಪ್ ಯಾಕೆ ಬೇಕಿತ್ತು? 2007ರಲ್ಲಿ ಏಸಸ್‌ನ 7 ಇಂಚಿನ ಪುಟಾಣಿ ಲ್ಯಾಪ್‌ಟಾಪ್ ಈಇ ಪಿಸಿ ಬಂದಾಗಲೂ ಜನ ಕೀಬೋರ್ಡ್ ಬಗ್ಗೆಯೇ ಗೊಣಗಿದ್ದರು. ಚಿಪ್ಪು, ಪರದೆ ಎಲ್ಲಾ ಎಷ್ಟೋ ಮುಂದೆ ಬಂದವು, ದುಡ್ಡು ಉಳಿಸುವ ಜಾಗ ಮಾತ್ರ ಇನ್ನೂ ಇದೇ.

ಹಾಗಾದರೆ ತಗೋಬೇಕಾ? ಓದುವುದು, ಮೇಲ್ ನೋಡುವುದು, ಆನ್‌ಲೈನ್ ಕ್ಲಾಸು, ಅಲ್ಲಲ್ಲಿ ನಾಲ್ಕು ಸಾಲು ಬರೆಯುವುದು ಅಂತಾದರೆ ತಗೊಳ್ಳಿ, ಇಷ್ಟು ದುಡ್ಡಿಗೆ ಇಷ್ಟು ಹಗುರದ ಹೊಸ ಯಂತ್ರ ಬೇರೆ ಸಿಗುವುದಿಲ್ಲ. ದಿನವಿಡೀ ಕನ್ನಡ ಕುಟ್ಟುವವರಾದರೆ ಬೇಡ. ಅದೇ ಬಜೆಟ್ಟಿನಲ್ಲಿ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಹಳೇ ಥಿಂಕ್‌ಪ್ಯಾಡ್ ಎಕ್ಸ್270 ಥರದ ಲ್ಯಾಪ್‌ಟಾಪ್ ಹುಡುಕಿ. 12.5 ಇಂಚು, ರೈಲಿನಲ್ಲಿ ಸ್ವಲ್ಪ ಒತ್ತಿಕೊಂಡು ಕೂರಬೇಕಾಗುತ್ತದೆ, ಆದರೆ ರ‍್ಯಾಮು, ಎಸ್‌ಎಸ್‌ಡಿ, ಕೀಬೋರ್ಡು ಎಲ್ಲವನ್ನೂ ಬದಲಿಸಬಹುದು. ನಾನೂ ಬರಬೇಕಾದ ದುಡ್ಡು ಬಂದ ಮೇಲೆ ಅಲ್ಲಿಗೇ ಹೋಗುವವನು. ಅಂಗಡಿಯವರು ಪರದೆ ತೋರಿಸುತ್ತಾರೆ, ಬ್ಯಾಟರಿ ತೋರಿಸುತ್ತಾರೆ. ನೀವು ಎಫ್ ಒತ್ತಿ ನೋಡಿ. ಹಿಂದಿನ ಮಾಲೀಕರೂ ಕನ್ನಡದಲ್ಲೇ ಬರೆಯುತ್ತಿದ್ದರೋ ಏನೋ, ಯಾರಿಗೆ ಗೊತ್ತು.