ದೊಡ್ಡ ಬೈಪ್ಲೇನ್ ಹಾರಿಸುವವರೇ, ಬ್ಯಾಲೆನ್ಸ್ ಎಲ್ಲಿ ಅಳೆಯುತ್ತಿದ್ದೀರಿ ನೋಡಿಕೊಳ್ಳಿ

ಇದು ನೆಲದ ಮೇಲೆ ನಿಂತು ರಿಮೋಟ್‌ನಲ್ಲಿ ಹಾರಿಸುವ ಮಾದರಿ ವಿಮಾನಗಳ ಮಾತು. ಬೈಪ್ಲೇನ್ ಅಂದರೆ ಒಂದರ ಮೇಲೊಂದು ಎರಡು ರೆಕ್ಕೆ ಇರುವ ವಿಮಾನ, ಬ್ಯಾಲೆನ್ಸ್ ಅಂದರೆ ಎತ್ತಿದಾಗ ಮೂಗು, ಬಾಲ ಎರಡೂ ಸಮತೂಕವಾಗಿ ನಿಲ್ಲುವ ಜಾಗ. ಪೂರ್ತಿ ಓದಲು ಪುರಸೊತ್ತು ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬೈಪ್ಲೇನಿನ ರೆಕ್ಕೆ ಹಿಂದಕ್ಕೆ ಬಾಗಿದ್ದರೆ ಬ್ಯಾಲೆನ್ಸ್ ಜಾಗವನ್ನು ರೆಕ್ಕೆಯ ನಟ್ಟನಡುವೆ ಅಳೆಯಿರಿ, ಪಕ್ಕಕ್ಕೆ ಸರಿದು ಅಳೆಯಬೇಡಿ. ಹಾರುವಾಗ ಮೂಗು ಮೇಲೇಳುತ್ತಲೇ ಇದ್ದರೆ ಟ್ರಿಮ್ (ವಿಮಾನ ನೇರ ಹೋಗುವಂತೆ ಸ್ವಲ್ಪಸ್ವಲ್ಪವೇ ತಿದ್ದುವ ರಿಮೋಟಿನ ಗುಂಡಿ) ಒತ್ತುತ್ತಾ ನಿಲ್ಲಬೇಡಿ, ಇಳಿಸಿ. ನಾನು ಎರಡನ್ನೂ ಮಾಡಲಿಲ್ಲ. ಹೋದ ಫೆಬ್ರವರಿಯಲ್ಲಿ ಸುಮಾರು 9 ಕಿಲೋ ತೂಕದ ವಿಮಾನ ಒಬ್ಬ ಹುಡುಗನಿಂದ 20 ಹೆಜ್ಜೆ ದೂರದಲ್ಲಿ ಬಂದು ಬಿತ್ತು. ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಆ 20 ಹೆಜ್ಜೆ ನನ್ನ ಲೆಕ್ಕದಿಂದ ಸಿಕ್ಕಿದ್ದಲ್ಲ, ಅವನ ಪುಣ್ಯದಿಂದ ಸಿಕ್ಕಿದ್ದು.

ವಿಮಾನ ಟೈಗರ್ ಮಾತ್, ಹಳೇ ಕಾಲದ ಬ್ರಿಟಿಷ್ ತರಬೇತಿ ವಿಮಾನದ ಮಾದರಿ. ನಿಜವಾದದ್ದರ ಕಾಲು ಭಾಗದ ಅಳತೆ, ರೆಕ್ಕೆ ತುದಿಯಿಂದ ತುದಿಗೆ 2.2 ಮೀಟರ್, 30 ಸಿಸಿ ಪೆಟ್ರೋಲ್ ಎಂಜಿನ್. ಹೊಸದಲ್ಲ, ಬೇರೆ ಊರಿನ ಒಬ್ಬರಿಂದ ಕೊಂಡಿದ್ದು. ಅವರು ಚೆನ್ನಾಗಿಯೇ ಇಟ್ಟುಕೊಂಡಿದ್ದರು. ಜೊತೆಗೆ ಒಂದು ಚೀಟಿ ಕೊಟ್ಟಿದ್ದರು. ಬ್ಯಾಲೆನ್ಸ್ ಮೇಲಿನ ರೆಕ್ಕೆಯ ಮುಂದಿನ ಅಂಚಿನಿಂದ ಇಷ್ಟು ಸೆಂಟಿಮೀಟರ್ ಹಿಂದೆ ಅಂತ ಅದರಲ್ಲಿತ್ತು. ಆ ಅಂಕಿ ಇಲ್ಲಿ ಬರೆಯುವುದಿಲ್ಲ, ಯಾರಾದರೂ ತಮ್ಮ ವಿಮಾನಕ್ಕೂ ಅದನ್ನೇ ಹಾಕಿಬಿಟ್ಟರೆ ಕಷ್ಟ. ಅಂಕಿ ಸರಿಯಾಗಿಯೇ ಇತ್ತು. ರೆಕ್ಕೆಯ ಯಾವ ಜಾಗದಲ್ಲಿ ಅಳೆಯಬೇಕು ಅನ್ನೋದು ಮಾತ್ರ ಚೀಟಿಯಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ಟೈಗರ್ ಮಾತ್ ನೋಡಿದವರಿಗೆ ಗೊತ್ತು, ಅದರ ರೆಕ್ಕೆಗಳು ನೇರವಾಗಿಲ್ಲ, ಸ್ವಲ್ಪ ಹಿಂದಕ್ಕೆ ಬಾಗಿವೆ. ಇದರ ಹಿಂದೆ ಒಂದು ಕಥೆಯೇ ಇದೆ. 1931ರಲ್ಲಿ ಈ ವಿಮಾನ ಮೊದಲು ಹಾರಿತು. ಅದಕ್ಕೂ ಮುಂಚಿನ ಮಾತ್ ವಿಮಾನಗಳಲ್ಲಿ ಮುಂದಿನ ಸೀಟಿನವನ ತಲೆ ಮೇಲೇ ರೆಕ್ಕೆ ಇರುತ್ತಿತ್ತು, ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರೋದು ಕಷ್ಟ. ಅದಕ್ಕೆ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಹಾಗೆ ಸರಿಸಿದಾಗ ಬ್ಯಾಲೆನ್ಸ್ ಕೆಟ್ಟಿತು. ಅದನ್ನು ಸರಿಮಾಡಲು ರೆಕ್ಕೆಗಳನ್ನೇ ಹಿಂದಕ್ಕೆ ಬಾಗಿಸಿದರು. ಒಬ್ಬನೇ ಹಾರಿಸುವಾಗ ಪೈಲಟ್ ಹಿಂದಿನ ಸೀಟಿನಲ್ಲಿ ಕೂರುವುದೂ ಇದೇ ಬ್ಯಾಲೆನ್ಸ್ ಕಾರಣಕ್ಕೆ. ಇದೆಲ್ಲ ನನಗೆ ಮುಂಚೆಯೇ ಗೊತ್ತಿತ್ತು. ಓದಿ ಖುಷಿಪಟ್ಟಿದ್ದೆ ಕೂಡ. ಆದರೆ ಅಳತೆಪಟ್ಟಿ ಕೈಗೆ ತೆಗೆದುಕೊಂಡಾಗ ಒಂದೂ ನೆನಪಾಗಲಿಲ್ಲ.

ಮೇಲಿನ ರೆಕ್ಕೆಯ ನಡುವೆ ಕಂಬಿಗಳು, ತಂತಿಗಳು ಅಡ್ಡ ಬರುತ್ತವೆ, ಕೆಳಗಿನಿಂದ ಬೆರಳು ಇಟ್ಟು ಎತ್ತಲು ಜಾಗ ಸಾಲದು. ಹಾಗಾಗಿ ನಾನು, ನನ್ನ ತಮ್ಮ ಎರಡು ಕಡೆ ನಿಂತು, ನಡುವಿಗೂ ಹೊರಗಿನ ಕಂಬಿಗೂ ಮಧ್ಯದಲ್ಲಿ, ಚೀಟಿಯಲ್ಲಿದ್ದಷ್ಟೇ ಸೆಂಟಿಮೀಟರ್ ಅಳೆದು ಪೆನ್ಸಿಲ್ ಗುರುತು ಹಾಕಿ ಅಲ್ಲಿ ಬೆರಳಿಟ್ಟು ಎತ್ತಿದೆವು. ಆ ಜಾಗಕ್ಕೆ ಬರುವಷ್ಟರಲ್ಲಿ ರೆಕ್ಕೆಯ ಅಂಚು 4 ಸೆಂಟಿಮೀಟರ್ ಹಿಂದೆ ಹೋಗಿರುತ್ತದೆ. ಅಂದರೆ ನಮ್ಮ ಗುರುತು ಇರಬೇಕಾದ ಜಾಗಕ್ಕಿಂತ 4 ಸೆಂಟಿಮೀಟರ್ ಹಿಂದೆ. ಈ ವಿಮಾನದ ರೆಕ್ಕೆಯ ಅಗಲ 33 ಸೆಂಟಿಮೀಟರ್. ಅದರಲ್ಲಿ 4 ಅಂದರೆ ನೂರಕ್ಕೆ 12ರಷ್ಟು. ಸಣ್ಣ ತಪ್ಪಲ್ಲ ಇದು.

ಎತ್ತಿದ ಕೂಡಲೇ ಮೂಗು ಕೆಳಗೆ ಬಿತ್ತು. ಮೂಗು ಭಾರ ಇದೆ ಅಂದುಕೊಂಡೆ. ಟೈರ್ ಅಂಗಡಿಯಿಂದ ಕಾರಿನ ಚಕ್ರಕ್ಕೆ ಅಂಟಿಸುವ ತೂಕದ ಪಟ್ಟಿ ತಂದು, ಬಾಲದ ಅಡಿಯಲ್ಲಿ ಒಂದೊಂದೇ ತುಂಡು ಅಂಟಿಸುತ್ತಾ ಹೋದೆ. ಎಲ್ಲ ಸೇರಿ 300 ಗ್ರಾಂ ಆಯಿತು. ವಿಮಾನ ಬೆರಳ ಮೇಲೆ ನೇರವಾಗಿ ನಿಂತಿತು. ಇಬ್ಬರಿಗೂ ಖುಷಿ.

ಇಲ್ಲಿ ಸ್ವಲ್ಪ ನಿಲ್ಲಿ. ಹಳೇ ಕಾಲದ ಬೈಪ್ಲೇನ್‌ಗಳ ಮೂಗು ಗಿಡ್ಡ, ಬಾಲ ಉದ್ದ. ಇವುಗಳ ಮಾದರಿ ಕಟ್ಟಿದವರು ಸಾಮಾನ್ಯವಾಗಿ ಮೂಗಿಗೆ ಸೀಸ ಹಾಕುತ್ತಾರೆ, ಬಾಲಕ್ಕೆ ಅಲ್ಲ. ನಿಮ್ಮ ಬೈಪ್ಲೇನ್ ಬಾಲಕ್ಕೆ ತೂಕ ಕೇಳುತ್ತಿದೆ ಅಂದರೆ ಮೊದಲು ಅಳತೆಯ ಮೇಲೆ ಅನುಮಾನಪಡಿ. ಅದರಲ್ಲೂ ಇನ್ನೊಬ್ಬರು ಹಾರಿಸಿ ಕೊಟ್ಟ ವಿಮಾನ ಹಾಗೆ ಕೇಳಿದರೆ ಖಂಡಿತ ಎಲ್ಲೋ ತಪ್ಪಾಗಿದೆ. ಅವರು ಅದನ್ನು 300 ಗ್ರಾಂ ಇಲ್ಲದೆಯೇ ಹಾರಿಸುತ್ತಿದ್ದರು, ಅಲ್ವಾ? ಇಷ್ಟು ಸರಳವಾದ ಪ್ರಶ್ನೆ ಆ ರಾತ್ರಿ ನನಗೆ ಹೊಳೆಯಲಿಲ್ಲ.

ಬಳ್ಳಾರಿಯಿಂದ ಕುರುಗೋಡು ಕಡೆ ನಮ್ಮ ಪರಿಚಯದವರ ಹೊಲ ಇದೆ. ಪಕ್ಕದಲ್ಲೇ ಬೀಳು ಬಿಟ್ಟ ಮಸಾರಿ ನೆಲ, ಗಟ್ಟಿಯಾಗಿದೆ, ವಿಮಾನ ಓಡಿಸಲು ಸರಿ. ಆಚೆ ಜೋಳ ಕೊಯ್ದ ಎರೆ ಹೊಲ. ಬೆಳಗ್ಗೆ 7ಕ್ಕೆ ಹೋದೆವು, ಗಾಳಿ ಇರಲಿಲ್ಲ. ಗೂಡ್ಸ್ ಆಟೋದಿಂದ ಇಳಿಸಿ ಬದು ದಾಟಿಸುವಾಗ ಹೊಲದ ಯಜಮಾನರು ಸಹಾಯಕ್ಕೆ ಬಂದು ಬಾಲ ಹಿಡಿದುಕೊಂಡರು. ಹಿಡಿದವರೇ ಹೇಳಿದರು, "ಹಿಂದ ಭಾಳ ವಜ್ಜಿ ಆಗೈತಲ್ರಿ. ಬಂಡಿ ಹಿಂಗ ಹೇರಿದ್ರ ನೊಗ ಮ್ಯಾಲ ಏಳ್ತೈತಿ ನೋಡ್ರಿ." ನಾನು ನಕ್ಕು, ಅಳತೆ ಮಾಡಿದ್ದೇವೆ ಯಜಮಾನ್ರೇ ಅಂದೆ. ಜೀವನವೆಲ್ಲ ಬಂಡಿ ಹೇರಿದ ಕೈ ಅದು. ಎತ್ತಿದ ಕೂಡಲೇ ಅವರಿಗೆ ತಿಳಿದುಬಿಟ್ಟಿತ್ತು.

ಥ್ರಾಟಲ್ ಕೊಟ್ಟೆ. ಸಾಮಾನ್ಯವಾಗಿ ಸ್ವಲ್ಪ ಓಡಿದ ಮೇಲೆ ಬಾಲ ಮೇಲೇಳಬೇಕು. ಏಳಲಿಲ್ಲ. ಬಾಲ ನೆಲದಲ್ಲೇ ಇರುವಾಗ ವಿಮಾನ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿತು, ಮೂಗು ಎತ್ತಿಕೊಂಡೇ. ರಿಮೋಟಿನ ಸ್ಟಿಕ್ ಮುಂದೆ ಒತ್ತಿದೆ, ಜೋರಾಗಿ ಕೆಳಗೆ ಬಾಗಿತು. ಬಿಟ್ಟೆ, ಮತ್ತೆ ಮೇಲೆ. ಎಲಿವೇಟರ್ (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಕೂದಲೆಳೆ ಅಲ್ಲಾಡಿಸಿದರೂ ವಿಮಾನ ಮೊಳ ಅಲ್ಲಾಡುತ್ತಿತ್ತು. ಟ್ರಿಮ್ ತಪ್ಪಿದೆ ಅಂತ ತಿಳಿದು ಟ್ರಿಮ್ ಗುಂಡಿ ಒತ್ತತೊಡಗಿದೆ. ಟ್ರಾನ್ಸ್‌ಮಿಟರ್ (ಕೈಯಲ್ಲಿನ ರಿಮೋಟ್) ಪ್ರತಿ ಒತ್ತಿಗೂ ಟಿಕ್ ಅನ್ನುತ್ತದೆ. ಟಿಕ್ ಟಿಕ್ ಅಂತ ಕೊನೆಯವರೆಗೂ ಹೋಗಿ ಉದ್ದನೆಯ ಬೀಪ್ ಬಂತು, ಅಂದರೆ ಇನ್ನು ಟ್ರಿಮ್ ಇಲ್ಲ. ಆಗಲಾದರೂ ನೇರವಾಗಿ ಎದುರಿನ ಎರೆ ಹೊಲದಲ್ಲಿ, ಎಂಜಿನ್ ಚಾಲೂ ಇಟ್ಟುಕೊಂಡೇ, ಇಳಿಸಬೇಕಿತ್ತು. ಚಕ್ರದ ಕಾಲು ಮುರಿಯುತ್ತಿತ್ತು, ಅಷ್ಟೇ.

ನಾನು ತಿರುಗಿಸಿದೆ. ವಾಪಸ್ ಬರುವಾಗ ಥ್ರಾಟಲ್ ಇಳಿಸಿದೆ. ಬೈಪ್ಲೇನ್‌ಗೆ ಎರಡು ರೆಕ್ಕೆ, ಅಷ್ಟೊಂದು ತಂತಿ ಕಂಬಿ. ಥ್ರಾಟಲ್ ಇಳಿಸಿದರೆ ಬ್ರೇಕ್ ಹಾಕಿದ ಹಾಗೆ ವೇಗ ಬೀಳುತ್ತದೆ. ಮೂಗು ಇನ್ನೂ ಮೇಲೆ ಎದ್ದಿತು, ಎಡರೆಕ್ಕೆ ಕುಸಿಯಿತು, ವಿಮಾನ ಬುಗುರಿ ಹಾಗೆ ತಿರುಗುತ್ತಾ ಕೆಳಗೆ ಬಂತು. ಬಾಲಭಾರದ ವಿಮಾನ ಹಾಗೆ ತಿರುಗಲು ಶುರುವಾದರೆ ಬಿಡಿಸುವುದು ತುಂಬಾ ಕಷ್ಟ. ರಡ್ಡರ್ (ಎಡಬಲ ತಿರುಗಿಸುವ ಬಾಲದ ಪಟ್ಟಿ) ಪೂರ್ತಿ ಬಲಕ್ಕೆ, ಸ್ಟಿಕ್ ಪೂರ್ತಿ ಮುಂದೆ, ಏನೂ ಆಗಲಿಲ್ಲ. ಆಗ ನೋಡಿದೆ, ಕುರಿ ಮೇಯಿಸುವ ಹುಡುಗ ಒಬ್ಬ ಶಬ್ದ ಕೇಳಿ ಜೋಳದ ಕೂಳೆ ನಡುವೆ ಬಂದು ನಿಂತಿದ್ದಾನೆ, ತಲೆ ಮೇಲೆತ್ತಿಕೊಂಡು. ಕೂಗಿದೆ. ಅವನು ಅಲ್ಲಾಡಲಿಲ್ಲ. ಭಯಕ್ಕೋ, ಬೆರಗಿಗೋ.

ಬಿದ್ದ ಮೇಲೆ ಓಡಿ ಹೋಗಿ ಮೊದಲು ಅವನನ್ನು ಹಿಡಿದುಕೊಂಡೆ. ಕೈ ನಡುಗುತ್ತಿತ್ತು, ಅವನದಲ್ಲ, ನನ್ನದು. ಮೇಲಿನ ರೆಕ್ಕೆ ಎರಡು ತುಂಡು, ಎಂಜಿನ್ ಎರೆ ಮಣ್ಣಿನಲ್ಲಿ ಗೇಣುದ್ದ ಹೂತಿತ್ತು, ಪೆಟ್ರೋಲ್ ವಾಸನೆ. ಬಾಲಕ್ಕೆ ಒಂದು ಗೀರೂ ಇರಲಿಲ್ಲ. ಅಡಿಯಲ್ಲಿ ಸೀಸದ ತುಂಡುಗಳು ಸಾಲಾಗಿ, ಒಂದೂ ಕಿತ್ತು ಹೋಗದೆ, ಹಾಗೇ ಅಂಟಿಕೊಂಡಿದ್ದವು.

ಇಷ್ಟು ದಿನ ಇದನ್ನು ಬರೆಯಲು ಮನಸ್ಸಾಗಲಿಲ್ಲ. ಈಗ ನಮ್ಮ ಕಡೆ, ಹೊಸಪೇಟೆ, ಕೊಪ್ಪಳ, ಗಂಗಾವತಿಯಲ್ಲೂ ದೊಡ್ಡ ವಿಮಾನ ತರಿಸುವವರು ಜಾಸ್ತಿ ಆಗುತ್ತಿದ್ದಾರೆ. ಹಾಗಾಗಿ ಈಗ ನಾನು ಹೇಗೆ ಅಳೆಯುತ್ತೇನೆ ಅಂತ ಬರೆಯುತ್ತೇನೆ.

ದೊಡ್ಡ ಬೈಪ್ಲೇನನ್ನು ಬೆರಳ ಮೇಲೆ ಎತ್ತಿ ನೋಡುವುದನ್ನೇ ಬಿಟ್ಟೆ. ಕಿರಾಣಿ ಅಂಗಡಿಯಲ್ಲಿ ಇಡುವಂಥ ಡಿಜಿಟಲ್ ತಕ್ಕಡಿ ಮೂರು ಬೇಕು, ಒಂದು ದಿನಕ್ಕೆ ಎರವಲು ಸಿಗುತ್ತವೆ. ಎರಡರ ಮೇಲೆ ಮುಂದಿನ ಎರಡು ಚಕ್ರ, ಮೂರನೆಯದನ್ನು ಸ್ಟೂಲ್ ಮೇಲಿಟ್ಟು ಅದರ ಮೇಲೆ ಬಾಲ. ವಿಮಾನ ಹಾರುವಾಗ ಹೇಗಿರುತ್ತದೋ ಹಾಗೆ ಮಟ್ಟವಾಗಿ ನಿಲ್ಲಬೇಕು, ಇದು ಮುಖ್ಯ, ಬಾಲ ಕೆಳಗಿದ್ದರೆ ಲೆಕ್ಕ ತಪ್ಪುತ್ತದೆ. ಬಾಲದ ತೂಕವನ್ನು ಮುಂದಿನ ಚಕ್ರದ ಅಚ್ಚಿನಿಂದ ಬಾಲಚಕ್ರಕ್ಕೆ ಇರುವ ದೂರದಿಂದ ಗುಣಿಸಿ, ಮೂರೂ ತಕ್ಕಡಿಯ ಒಟ್ಟು ತೂಕದಿಂದ ಭಾಗಿಸಿ. ನನ್ನದರಲ್ಲಿ ಬಾಲದ ತಕ್ಕಡಿ 900 ಗ್ರಾಂ ತೋರಿಸುತ್ತದೆ, ದೂರ 120 ಸೆಂಟಿಮೀಟರ್, ಒಟ್ಟು 9 ಕಿಲೋ. ಅಂದರೆ ಬ್ಯಾಲೆನ್ಸ್ ಅಚ್ಚಿನಿಂದ 12 ಸೆಂಟಿಮೀಟರ್ ಹಿಂದೆ. ಅಲ್ಲಿಂದ ಒಂದು ತೂಗುಗುಂಡಿನ ದಾರ ಇಳಿಬಿಟ್ಟು, ಮೇಲಿನ ರೆಕ್ಕೆಯ ನಡುಭಾಗದ ಅಂಚಿಗೆ ಎಷ್ಟು ದೂರ ಅಂತ ನೋಡಿದರೆ ಮುಗಿಯಿತು. ಬಾಗಿದ ಅಂಚಿನ ಗೊಂದಲವೇ ಇಲ್ಲ. ಎಡಬಲ ಚಕ್ರದ ತಕ್ಕಡಿಗಳನ್ನು ಹೋಲಿಸಿದರೆ ಯಾವ ರೆಕ್ಕೆ ಭಾರ ಅನ್ನೋದೂ ಗೊತ್ತಾಗುತ್ತದೆ.

ಟ್ಯಾಂಕ್ ಖಾಲಿ ಇಟ್ಟು ತೂಗಿ. ನನ್ನ ಟ್ಯಾಂಕ್ ಎಂಜಿನ್ ಹಿಂದೆಯೇ ಇದೆ, ಬ್ಯಾಲೆನ್ಸ್ ಜಾಗಕ್ಕಿಂತ ಮುಂದೆ. ಅರ್ಧ ಲೀಟರ್ ಪೆಟ್ರೋಲ್ 370 ಗ್ರಾಂ ಹತ್ತಿರ ತೂಗುತ್ತದೆ. ತುಂಬಿದಾಗ ಸರಿ ಕಂಡದ್ದು ಎಣ್ಣೆ ಉರಿದಂತೆ ಹಿಂದಕ್ಕೆ ಜಾರುತ್ತದೆ, ಇಳಿಸುವ ಹೊತ್ತಿಗೆ ಬಾಲಭಾರ ಆಗಿರುತ್ತದೆ. ಬ್ಯಾಲೆನ್ಸ್ ಎಲ್ಲಿರಬೇಕು ಅಂತಲೇ ಗೊತ್ತಿಲ್ಲದಿದ್ದರೆ ಒಂದೇ ರೆಕ್ಕೆ ನೋಡಿ ತೀರ್ಮಾನ ಮಾಡಬೇಡಿ. ಎರಡೂ ರೆಕ್ಕೆ ಸೇರಿಸಿ, ಒಂದು ಇನ್ನೊಂದಕ್ಕಿಂತ ಎಷ್ಟು ಮುಂದಿದೆ, ಎಷ್ಟು ಬಾಗಿದೆ ಎಲ್ಲ ಹಿಡಿದು ಸರಾಸರಿ ಅಗಲ ತೆಗೆಯಬೇಕು. ಅದರ ಮುಂದಿನ ಅಂಚಿನಿಂದ ನೂರಕ್ಕೆ 25ರಷ್ಟು ಹಿಂದೆ ಇಟ್ಟುಕೊಂಡು ಶುರುಮಾಡಿ. ಸ್ವಲ್ಪ ಮೂಗುಭಾರ ಇದ್ದರೆ ವಿಮಾನ ಮಂದ ಅನಿಸುತ್ತದೆ, ಆದರೆ ಮನೆಗೆ ಬರುತ್ತದೆ.

ಟ್ರಿಮ್ ವಿಷಯ. ಥ್ರಾಟಲ್ ಏರಿಸಿದಾಗ ಮಾತ್ರ ಮೂಗು ಏಳುತ್ತದೆ, ಇಳಿಸಿದರೆ ನೇರವಾಗುತ್ತದೆ ಅಂದರೆ ಎಂಜಿನ್ ಕೂರಿಸಿದ ಕೋನ ನೋಡಿ. ಥ್ರಾಟಲ್ ಹೇಗಿದ್ದರೂ ಮೂಗು ಅಲೆದಾಡುತ್ತಿದ್ದರೆ, ಸ್ಟಿಕ್ ಮುಟ್ಟಿದರೆ ಸಾಕು ಎಗರುತ್ತಿದ್ದರೆ ಅದು ಬ್ಯಾಲೆನ್ಸ್, ಅದಕ್ಕೆ ಟ್ರಿಮ್‌ನಲ್ಲಿ ಮದ್ದಿಲ್ಲ. ಟ್ರಿಮ್ ನಾಲ್ಕೈದು ಟಿಕ್‌ಗಿಂತ ಜಾಸ್ತಿ ಬೇಕಾಯಿತು ಅಂದರೆ ಇಳಿಸಿ, ನೆಲದ ಮೇಲೆ ಹುಡುಕಿ. ಇನ್ನೊಂದು, ಬೈಪ್ಲೇನ್ ಬಿಚ್ಚಿ ಆಟೋದಲ್ಲಿ ಹಾಕಿ ಮತ್ತೆ ಜೋಡಿಸುವಾಗ ತಂತಿಗಳನ್ನು ಒಂದು ಕಡೆ ಜಾಸ್ತಿ ಬಿಗಿದರೆ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ನನ್ನದನ್ನು ಬಿಚ್ಚುವಾಗ ಕೆಳಗಿನ ಎಡರೆಕ್ಕೆ ಬಲಕ್ಕಿಂತ 1 ಡಿಗ್ರಿ ಬೇರೆ ಇತ್ತು. ಎಡರೆಕ್ಕೆ ಮೊದಲು ಕುಸಿದದ್ದಕ್ಕೆ ಅದೂ ಕಾರಣ ಇರಬಹುದು. ಫೋನಿನ ಮಟ್ಟ ನೋಡುವ ಆ್ಯಪ್‌ನಲ್ಲೇ ಇದನ್ನು ನೋಡಬಹುದು, ಸುಮ್ನೆ ಬಿಡಬೇಡಿ.

ಮತ್ತೆ ಜಾಗ. ಮೊದಲ ಹಾರಾಟಕ್ಕೆ ಸುತ್ತ ಯಾರೂ ಇರಬಾರದು, ನೋಡಲು ಬಂದವರೆಲ್ಲ ನಿಮ್ಮ ಬೆನ್ನ ಹಿಂದೆ ನಿಲ್ಲಬೇಕು. ಸುತ್ತ ನೋಡಲಿಕ್ಕೆಂದೇ ಒಬ್ಬರನ್ನು ನಿಲ್ಲಿಸಿ. ನನ್ನ ತಮ್ಮ ಅವತ್ತು ವಿಡಿಯೋ ಮಾಡುತ್ತಿದ್ದ, ಹುಡುಗ ಬಂದದ್ದು ಇಬ್ಬರಿಗೂ ಕಾಣಲಿಲ್ಲ. ತೋರಣಗಲ್ಲು ಕಡೆಯವರು ವಿಮಾನ ನಿಲ್ದಾಣದ ಹತ್ತಿರ ಹಾರಿಸಲೇಬೇಡಿ, ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಹೊಲ ಯಾವ ಬಣ್ಣದಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ.

ವಿಮಾನ ಮತ್ತೆ ಕಟ್ಟಿದ್ದೇನೆ. ಮೇಲಿನ ರೆಕ್ಕೆಯ ನಟ್ಟನಡುವೆ ಕೆಂಪು ಬಣ್ಣದ ಎರಡು ಚುಕ್ಕಿ ಇಟ್ಟಿದ್ದೇನೆ, ಅಳೆಯುವುದು ಅಲ್ಲಿಂದಲೇ. ಇನ್ನೂ ಹಾರಿಸಿಲ್ಲ. ಈ ಸಲದ ಜೋಳ ಕೊಯ್ಯಲಿ ಅಂತ ಕಾಯುತ್ತಿದ್ದೇನೆ. ಹೊಲದ ಯಜಮಾನರಿಗೆ ಹೇಳಿ ಬಂದಿದ್ದೇನೆ, ಅವತ್ತು ಮೊದಲು ಅವರೇ ಬಾಲ ಎತ್ತಿ ನೋಡಬೇಕು ಅಂತ.